ಇಪ್ಪತ್ತೈದು ನಿಮಿಷದ ಸಿನಿಮಾ

ಅವರ ಬಲಗೈ ಹೆಬ್ಬೆರಳಿನ ಬುಡದಲ್ಲಿ ಒಂದು ಸಣ್ಣ ಗುಂಡಿ ಇತ್ತು. ತಿಕೀಟಿಗೆ ತೂತು ಹಾಕುವ ಪಂಚಿನ ಹಿಡಿಕೆ ಹನ್ನೊಂದು ವರ್ಷ ಅಲ್ಲೇ ಕೂತು ಆದ ಗುಂಡಿ. ಬಸ್ಸಿನಲ್ಲಿ ಸಿನಿಮಾದ ಕಥೆ ಹೇಳುವಾಗ ಆ ಪಂಚು ಸುಮ್ಮನಿರುತ್ತಿರಲಿಲ್ಲ. ಕುದುರೆ ಓಡಿದರೆ ಟಕಟಕ ಟಕಟಕ. ನಾಯಕ ಹೊಡೆದರೆ ಒಂದೇ ಟಕ್. ತಾಯಿ ಅತ್ತರೆ ಪಂಚನ್ನು ಎದೆಗೆ ಒತ್ತಿಕೊಂಡು ಸುಮ್ಮನಾಗುತ್ತಿದ್ದರು. ಎಡಗೈಯೋ ಬಲಗೈಯೋ ಎಂದು ಯಾರಾದರೂ ಗಟ್ಟಿಸಿ ಕೇಳಿದರೆ ನಾನು ಈಗ ತಡವರಿಸುತ್ತೇನೆ. ಬಲಗೈ ಎಂದೇ ಇರಲಿ. ಇದಕ್ಕಿಂತ ದೊಡ್ಡ ಸಂಗತಿಯಲ್ಲಿ ನನ್ನ ನೆನಪು ನನಗೆ ಸುಳ್ಳು ಹೇಳಿದೆ.

ಇಂಡಿಯಿಂದ ಹೊರಟು ಸಿಂದಗಿ, ಬಸವನ ಬಾಗೇವಾಡಿ ಹಾದು ಮುದ್ದೇಬಿಹಾಳ ಮುಟ್ಟುತ್ತಿದ್ದ ಒಂದು ಖಾಸಗಿ ಬಸ್ಸಿಗೆ ಅವರು ಕಂಡಕ್ಟರು. ಎಪ್ಪತ್ತರ ದಶಕದ ನಡುವಿನ ಮಾತು. ನಾನು ಬಾಗೇವಾಡಿಯ ಶಾಲೆಯಲ್ಲಿ ಹೊಸ ಟೀಚರು, ವಯಸ್ಸು ಇಪ್ಪತ್ಮೂರು. ಶನಿವಾರ ಸಿಂದಗಿಯ ಮನೆಗೆ ಬಂದು ಭಾನುವಾರ ಮಧ್ಯಾಹ್ನ ಇದೇ ಬಸ್ಸಿಗೆ ಮರಳುತ್ತಿದ್ದೆ. ನಮ್ಮದು ಅರ್ಧ ಮರಾಠಿ, ಅರ್ಧ ಕನ್ನಡ ಆಡುವ ಮನೆ. ಸಿನಿಮಾದ ಸುದ್ದಿ ಎತ್ತಿದರೆ ಅಪ್ಪ ಮರಾಠಿಯಲ್ಲಿ 'ನಕೋ', ಬೇಡ, ಎನ್ನುತ್ತಿದ್ದರು. ಆ ಒಂದು ಶಬ್ದಕ್ಕೆ ಎರಡು ಭಾಷೆಯಲ್ಲೂ ನನ್ನಲ್ಲಿ ಉತ್ತರವಿರಲಿಲ್ಲ. ಹಾಗಾಗಿ ಆ ಎರಡು ವರ್ಷದ ಸಿನಿಮಾಗಳನ್ನೆಲ್ಲ ನಾನು ನೋಡಿದ್ದು ಬಸ್ಸಿನಲ್ಲಿ, ಕಂಡಕ್ಟರ ಬಾಯಲ್ಲಿ.

ಅವರೂ ಪೂರ್ತಿ ನೋಡಿದವರಲ್ಲ. ಸಿನಿಮಾದ ರೀಲಿನ ಡಬ್ಬಿಗಳು ಊರಿಂದ ಊರಿಗೆ ಇವರ ಬಸ್ಸಿನ ಮೇಲೆಯೇ ಹೋಗುತ್ತಿದ್ದುದರಿಂದ ಎಲ್ಲ ಟಾಕೀಜಿನ ಬಾಗಿಲೂ ಇವರಿಗೆ ತೆರೆದಿದ್ದವು. ಆದರೆ ಬಸ್ಸು ನಿಲ್ಲುವಷ್ಟೇ ಹೊತ್ತು. ಇಂಡಿಯಲ್ಲಿ ಇವರಿಗೆ ಸಿಗುತ್ತಿದ್ದದ್ದು ಶುರುವಿನ ಹಾಡು. ಮುದ್ದೇಬಿಹಾಳದಲ್ಲಿ ಇಂಟರ್‌ವಲ್ಲಿನ ಹಿಂದುಮುಂದಿನ ಹೊಡೆದಾಟ. ಸಿಂದಗಿಯಲ್ಲಿ ಇಪ್ಪತ್ತೈದು ನಿಮಿಷ ಕಣ್ಣೀರು. ಬಾಗೇವಾಡಿಯಲ್ಲಿ ಬಸ್ಸು ಹತ್ತೇ ನಿಮಿಷ ನಿಲ್ಲುತ್ತಿದ್ದರಿಂದ ಅಲ್ಲಿ ಬರೀ ಪೋಸ್ಟರು. ಈ ತುಂಡುಗಳನ್ನು ಜೋಡಿಸಿ ಅವರು ಒಂದು ಕಥೆ ಮಾಡುತ್ತಿದ್ದರು. ನಾಲ್ಕೂ ಊರಲ್ಲಿ ನಡೆಯುತ್ತಿದ್ದದ್ದು ಬೇರೆ ಬೇರೆ ಚಿತ್ರಗಳು ಎಂಬುದನ್ನು ಅವರು ಲೆಕ್ಕಕ್ಕೆ ಹಿಡಿಯುತ್ತಿರಲಿಲ್ಲ.

"ಅಲ್ಲೋ ಕಂಡಕ್ಟರಾ," ಎಂದು ಹಿಂದಿನ ಸೀಟಿನಿಂದ ಯಾರೋ ಕೆಣಕುತ್ತಿದ್ದರು, "ಮೊನ್ನಿ ಮುದ್ದೇಬಿಹಾಳದಾಗ ಗುಂಡ ಹೊಡಸ್ಕೊಂಡ ಸತ್ತಾಂವ ಇವತ್ತ ಇಂಡ್ಯಾಗ ಹೆಂಗ ಹಾಡಾಕತ್ತಾನೋ?"

"ಆಂವಾ ಸಾಯೋ ಪೈಕಿ ಅಲ್ರಿ! ಹೀರೋ ಒಬ್ಬನಽ ಅದಾನಿಲ್ಲೋ? ಹೀರೋ ಒಬ್ಬನಽ ಆದ ಮ್ಯಾಲ ಕಥೀನೂ ಒಂದಽ. ತಿಕೀಟ ತೋರಸ್ರಿ ಮೊದಲ."

ಅದು ಅವರ ಭಕ್ತಿ. ಡ್ರೈವರನ ತಲೆಯ ಮೇಲೆ ದೇವರ ಪಟದ ಪಕ್ಕದಲ್ಲಿ ಆ ನಾಯಕನ ಚಿತ್ರ ಅಂಟಿಸಿದ್ದರು. ಊದಿನಕಡ್ಡಿ ಬೆಳಗುವಾಗ ಕೈ ದೇವರ ಮುಂದೆ ಎರಡು ಸುತ್ತು ಸುತ್ತಿ ಮೂರನೆಯ ಸುತ್ತಿಗೆ ಅತ್ತ ಜಾರುತ್ತಿತ್ತು. ಡ್ರೈವರ್ ಬೈಯುತ್ತಿದ್ದ. "ದೇವರಿಗೆ ಸಿಟ್ಟ ಬರ್ತೈತಲೇ." "ದೇವರೂ ಮ್ಯಾಟ್ನಿ ನೋಡ್ತಾನ, ನೀ ಗಾಡಿ ಹೊಡಿ."

ಒಂದು ಕೊರಗು ಅವರಿಗಿತ್ತು. ಚಿತ್ರದ ಕೊನೆಗೆ ಪರದೆ ಮೇಲೆ 'ಶುಭಂ' ಎಂದು ಬರುವುದನ್ನು ಹನ್ನೊಂದು ವರ್ಷದಲ್ಲಿ ಒಮ್ಮೆಯೂ ನೋಡಿರಲಿಲ್ಲ. "ಅಕ್ಕೋರ," ಎಂದು ನನ್ನನ್ನು ಕೇಳಿದ್ದರು, "ಆ ಅಕ್ಷರ ಒಮ್ಮಿಗೇ ಬರ್ತಾವೋ, ಒಂದೊಂದ ಬರ್ತಾವೋ?" ನನಗೂ ಗೊತ್ತಿರಲಿಲ್ಲ. ಗೊತ್ತಿದ್ದವಳ ಹಾಗೆ "ಒಮ್ಮೆಗೇ ಬರ್ತಾವ" ಎಂದಿದ್ದೆ.

ಆ ಚಳಿಗಾಲ ಸಿಂದಗಿಯಲ್ಲಿ ಒಂದು ಚಿತ್ರ ನಾಲ್ಕು ವಾರ ನಿಂತಿತು. ಚಿಕ್ಕಂದಿನಲ್ಲೇ ಅಗಲಿದ ತಾಯಿ, ಮಗಳು. ತಾಯಿ ಆಸ್ಪತ್ರೆಯಲ್ಲಿ ಕೊನೆಯುಸಿರು ಎಳೆಯುತ್ತಿದ್ದಾಳೆ. ಮಗಳಿಗೆ ಆಗ ತಾನೆ ಸುದ್ದಿ ಮುಟ್ಟಿದೆ. ಟಾಂಗಾ ಹತ್ತಿ ಹೊರಟಿದ್ದಾಳೆ. ಅಷ್ಟಕ್ಕೆ ಡ್ರೈವರನ ಹಾರ್ನು. ಬಸ್ಸಿನ ಹೊತ್ತೂ ಚಿತ್ರದ ಹೊತ್ತೂ ಬದಲಾಗದ್ದರಿಂದ ಕಂಡಕ್ಟರು ವಾರವಾರವೂ ಅದೇ ಇಪ್ಪತ್ತೈದು ನಿಮಿಷ ನೋಡಿದರು, ಟಾಂಗಾ ವಾರವಾರವೂ ಅಲ್ಲೇ ನಿಂತಿತು. ಕುದುರೆಯ ಕಿವಿಯ ಬಿಳಿ ಮಚ್ಚೆ ಕೂಡ ನನಗೆ ಬಾಯಿಪಾಠ. ಸೋಮವಾರದಿಂದ ಶನಿವಾರದವರೆಗೆ ನಾನು ಬಾಡಿಗೆ ಕೋಣೆಯಲ್ಲಿ ಒಬ್ಬಳೇ ಉಣ್ಣುತ್ತ ಆ ಟಾಂಗಾ ಓಡಿಸುತ್ತಿದ್ದೆ. ಮುಟ್ಟಿತೋ ಇಲ್ಲವೋ? ಬೇರೆ ಯಾವುದನ್ನೂ ನಾನು ಆಗ ಅಷ್ಟು ಬಯಸಿದ ನೆನಪಿಲ್ಲ.

ನಾಲ್ಕನೆಯ ಭಾನುವಾರ ಕಂಡಕ್ಟರು ಹೇಳಿದರು: "ಇವತ್ತ ಕಡೀ ಆಟರಿ ಅಕ್ಕೋರ. ನಾಳಿ ಡಬ್ಬಿ ಎತ್ತತಾರ. ಹ್ವಾದ್ರ ಹೋತು, ಎಲ್ಲಿಗಿ ಹೋಗತೈತೋ ಏನೋ."

"ಹಂಗಾರ ಇವತ್ತರೆ ಕಡೀತನಾ ನೋಡಿ ಬರ್ರಿ," ಎಂದೆ ನಾನು. "ಬಸ್ಸೇನು ಓಡಿ ಹೋಗ್ತದ?"

ಅವರು ಪಂಚನ್ನು ಒಮ್ಮೆ ಟಕ್ಕೆನಿಸಿ, ನಕ್ಕು, ಬಸ್‌ಸ್ಟ್ಯಾಂಡಿನ ಹಿಂದಿದ್ದ ತಗಡಿನ ಟಾಕೀಜಿನ ಕಡೆಗೆ ಓಡಿದರು.

ಇಲ್ಲಿಂದ ಮುಂದಿನದನ್ನು ನಾನು ಬಹಳ ವರ್ಷ ಹೀಗೆ ಹೇಳಿಕೊಂಡು ಬಂದೆ: ಅವರು ಹೋದ ಮೇಲೆ ಒಬ್ಬ ಹೆಣ್ಣುಮಗಳು ಬಂದು ಬಸ್ಸು ಹತ್ತಿದಳು. ಹೀಗೆ ಹೇಳಿದರೆ ಕಥೆ ಸಲೀಸಾಗಿ ಸಾಗುತ್ತದೆ, ಯಾರ ಮೇಲೂ ಏನೂ ಬೀಳುವುದಿಲ್ಲ. ಆದರೆ ಹಾಗಲ್ಲ. ಆಕೆ ಮೊದಲೇ ಹತ್ತಿದ್ದಳು. ನನ್ನ ಮುಂದಿನ ಸೀಟಿನಲ್ಲೇ ಕೂತಿದ್ದಳು. ನಲವತ್ತರ ಹೆಂಗಸು, ತೊಡೆಯ ಮೇಲೆ ಒಂದು ಹೊಸ ಸೀರೆ, ಅಂಗಡಿಯ ಚೀಟಿ ಇನ್ನೂ ಅಂಟಿಕೊಂಡದ್ದು. ಮಾತಾಡಿಸಿದ್ದೆ. ಕಂಡಕ್ಟರು ಮುಂದಿನ ಬಾಗಿಲಲ್ಲಿ ಸಾಮಾನು ಏರಿಸುತ್ತಿದ್ದಾಗ ಆಕೆ ನನಗೆ ಹೇಳಿದ್ದಳು:

"ಇಂಗಳೇಶ್ವರಕ್ಕ ಹೊಂಟೇನವ್ವ. ನಮ್ಮವ್ವ ಮುಂಜಾನಿ ತೀರಿಕೊಂಡ್ಳಂತ. ಹೊತ್ತ ಮುಣಗೂದ್ರಾಗ ಮಣ್ಣ ಮಾಡತಾರ. ಮಗಳ ಸೀರಿ ಹೊಚ್ಚದ ಹೆಂಗ ಕಳಸ್ತಾರ ಹೇಳು?"

ಇದನ್ನು ಕೇಳಿಸಿಕೊಂಡಿದ್ದೆ. ಕೇಳಿಸಿಕೊಂಡು, ಅದಾದ ಮೇಲೆ, ಕಡೆಯತನಕ ನೋಡಿ ಬನ್ನಿ ಎಂದೆ. ಎರಡರ ನಡುವೆ ಎಷ್ಟು ಹೊತ್ತು? ನಾಲ್ಕು ನಿಮಿಷ? ಐದು? ಅಷ್ಟರಲ್ಲಿ ಒಬ್ಬಳ ತಲೆಯಿಂದ ಒಂದು ಸಾವು ಹೇಗೆ ಜಾರಿ ಹೋಗುತ್ತದೆ?

ಬಿಡುವ ಹೊತ್ತಾಯಿತು. ಡ್ರೈವರ್ ಹಾರ್ನು ಹೊಡೆದ. ಕಂಡಕ್ಟರು ಬರಲಿಲ್ಲ. ಮತ್ತೆ ಹೊಡೆದ. ಆಕೆ ಹಿಂದೆ ತಿರುಗಿ, "ಯಾಕವ್ವ ಬಿಡವಲ್ರು?" ಎಂದಳು. "ಬರ್ತಾರ," ಎಂದೆ. ಟಾಕೀಜು ಎಣಿಸಿದರೆ ಐವತ್ತು ಹೆಜ್ಜೆ. ಇಳಿದು ಹೋಗಿ ಕರೆಯಬಹುದಿತ್ತು. ನಮ್ಮ ಮನೆಯ ಹುಡುಗಿ ಟಾಕೀಜಿನ ಬಾಗಿಲಲ್ಲಿ ನಿಂತದ್ದನ್ನು ಊರು ನೋಡಿದರೆ ಎಂಬ ಹೆದರಿಕೆ ಇತ್ತು, ನಿಜ. ಅದೊಂದೇ ಅಲ್ಲ. ತಗಡಿನ ಗೋಡೆ ದಾಟಿ ಪಿಟೀಲಿನ ಸಪ್ಪಳ ಬರುತ್ತಿತ್ತು. ಟಾಂಗಾ ಕೊನೆಗೂ ಹೊರಟಿದೆ ಎಂದು ನನಗೆ ತಿಳಿಯಿತು. ಇನ್ನೈದು ನಿಮಿಷ ಎಂದುಕೊಂಡೆ. ಆಮೇಲೆ ಇನ್ನೈದು.

ಆಕೆ ಎದ್ದು ನಿಂತಳು. ಅಂಗೈಯಿಂದ ಬಸ್ಸಿನ ತಗಡು ಬಡಿಯತೊಡಗಿದಳು. "ಬಿಡ್ರೋ ಯಪ್ಪಾ, ಹೊತ್ತ ಇಳಿಯಾಕತ್ತೈತಿ, ಬಿಡ್ರೋ!" ಡ್ರೈವರ್ ಹಾರ್ನಿನ ಮೇಲಿನ ಕೈ ತೆಗೆಯಲಿಲ್ಲ. ಒಬ್ಬ ಮುದುಕ ಎದ್ದು ಟಾಕೀಜಿಗೆ ಹೊರಟ. ಅಷ್ಟರಲ್ಲಿ ಜನ ಹೊರಗೆ ಬರತೊಡಗಿದರು. ಅವರ ನಡುವೆ ನಮ್ಮ ಕಂಡಕ್ಟರು ಓಡಿ ಬಂದರು. ಮುಖವೆಲ್ಲ ಒದ್ದೆ, ಆ ಒದ್ದೆಯೊಳಗೆ ನಗು. ಮೆಟ್ಟಿಲ ಮೇಲಿಂದಲೇ, "ಅಕ್ಕೋರ, ಒಮ್ಮಿಗೇ ಬರ್ತಾವ್ರಿ ಅಕ್ಷರ..." ಎಂದರು. ಎದುರಿಗೆ ಸೀರೆ ಹಿಡಿದು ನಿಂತವಳನ್ನು ಕಂಡರು. ಯಾರೋ ಎರಡು ಮಾತಿನಲ್ಲಿ ವಿಷಯ ಹೇಳಿದರು. ಮುಖದ ಮೇಲಿನ ನಗು ಹೋಗಲಿಕ್ಕೆ ದಾರಿ ಸಿಗದೆ ಸ್ವಲ್ಪ ಹೊತ್ತು ಅಲ್ಲೇ ಉಳಿದಿತ್ತು. ಅಂಥ ಮುಖವನ್ನು ನಾನು ಮತ್ತೆ ನೋಡಿಲ್ಲ.

ಎಷ್ಟು ತಡವಾಯಿತು? ಡ್ರೈವರ್ ಮಾಲಕರ ಮುಂದೆ ಮುಕ್ಕಾಲು ತಾಸು ಎಂದನಂತೆ. ಕಂಡಕ್ಟರು ಒಂದು ತಾಸು ಎಂದು ಒಪ್ಪಿಕೊಂಡರಂತೆ. ನನ್ನ ಲೆಕ್ಕದಲ್ಲಿ ಅರ್ಧ ತಾಸು. ನನ್ನ ಲೆಕ್ಕ ಕಡಿಮೆಯೇ ಇರುತ್ತದೆ.

ದಾರಿಯುದ್ದಕ್ಕೂ ಪಂಚಿನ ಸಪ್ಪಳವಿಲ್ಲ. ಕೈ ಅಡ್ಡ ಹಿಡಿದು ನಿಂತ ಜನರನ್ನು ಬಿಟ್ಟು ಬಸ್ಸು ಓಡಿತು. ಇಂಗಳೇಶ್ವರದ ಹಾದಿ ಒಡೆಯುವಲ್ಲಿ ನಿಲ್ಲಿಸಿದಾಗ ಜೋಳದ ಹೊಲದ ಅಂಚಿಗೆ ಸೂರ್ಯ ಕೂತಿದ್ದ. ಅಲ್ಲಿಂದ ಊರು ಅರ್ಧ ತಾಸಿನ ನಡಿಗೆ. ಆಕೆ ಇಳಿದಳು. ಕಂಡಕ್ಟರು ಕೊರಳಿನ ಚೀಲ, ಪಂಚು ಎರಡನ್ನೂ ತೆಗೆದು ನನ್ನ ಮಡಿಲಲ್ಲಿ ಹಾಕಿದರು. "ಹಿಡೀರಿ ಅಕ್ಕೋರ. ಬಾಗೇವಾಡ್ಯಾಗ ಡ್ರೈವರನ ಕೈಯಾಗ ಕೊಡ್ರಿ." "ಏ, ಎಲ್ಲಿಗ್ಯೋ ಹುಚ್ಚಾ?" ಎಂದು ಡ್ರೈವರ್ ಕೂಗಿದ. ಅವರು ಆಗಲೇ ಆಕೆಯ ಗಂಟು ಹೆಗಲಿಗೇರಿಸಿ ಓಡುತ್ತಿದ್ದರು. ಸೀರೆಯನ್ನು ಮಾತ್ರ ಆಕೆ ಕೊಟ್ಟಿರಲಿಲ್ಲ.

ಬಸ್ಸನ್ನು ನಡುಹಾದಿಯಲ್ಲಿ ಬಿಟ್ಟು ಹೋದ ಕಂಡಕ್ಟರನನ್ನು ಯಾವ ಮಾಲಕ ಇಟ್ಟುಕೊಳ್ಳುತ್ತಾನೆ? ಎರಡು ದಿನಕ್ಕೆ ಕೆಲಸ ಹೋಯಿತು. ಯಾಕೆ ತಡ ಮಾಡಿದೆ ಎಂದು ಕೇಳಿದ್ದಕ್ಕೆ "ನನ್ನ ಹುಚ್ಚರಿ" ಎಂದಷ್ಟೇ ಹೇಳಿದರಂತೆ. ನನ್ನ ಹೆಸರು ಬರಲಿಲ್ಲ.

ಮುಂದಿನ ವಾರ ಬಾಗೇವಾಡಿಯ ಸ್ಟ್ಯಾಂಡಿನಲ್ಲಿ ಸಿಕ್ಕರು. ಖಾಕಿ ಅಂಗಿ ಇರಲಿಲ್ಲ. ನಾನು ಕೇಳದೆಯೇ ಹೇಳಿದರು. ಹೋಗುವುದರೊಳಗೆ ಕುಣಿ ಮುಚ್ಚಿದ್ದರು. ಹೊತ್ತು ಮುಳುಗಿತೆಂದು ಹಿರಿಯರು ಕಾಯಲಿಲ್ಲ. ಹಸಿ ಮಣ್ಣಿನ ಮೇಲೆಯೇ ಆಕೆ ಸೀರೆ ಬಿಚ್ಚಿ ಹೊದಿಸಿದಳು. ಅಂಗಡಿಯ ಚೀಟಿ ಕೀಳುವುದು ಯಾರಿಗೂ ನೆನಪಾಗಲಿಲ್ಲ.

"ಹೊಳ್ಳಿ ಬರೂ ಹಾದ್ಯಾಗ ಆಕಿ ಒಂದಽ ಮಾತ ಕೇಳಿದ್ಳರಿ. 'ನೀ ಏನ ನೋಡಾಕತ್ತಿದ್ದಿ ತಮ್ಮಾ, ಅಷ್ಟ ಹೊತ್ತ?' ಅಂದ್ಳು. ತಾಯಿ ಮಗಳ ಸಿನಿಮಾ ಅಂದೆ. 'ಮುಟ್ಟಿದ್ಳೇನು ಮಗಳು?' ಅಂದ್ಳು."

"ನೀವೇನಂದ್ರಿ?"

"ಇಲ್ಲವ್ವ, ಮುಟ್ಟಲಿಲ್ಲ, ಅಂದೆ. ಹೌದ್ರಿ ಅಕ್ಕೋರ. ಟಾಂಗಾ ತಡಾ ಆತ್ರಿ."

ಬಾಯಲ್ಲಿ ಇದ್ದ ಮಾತನ್ನು, ನಿಮ್ಮನ್ನು ಕಳಿಸಿದವಳು ನಾನು, ಆಕೆಯ ಸುದ್ದಿ ಗೊತ್ತಿದ್ದೂ ಕಳಿಸಿದೆ ಎಂಬ ಮಾತನ್ನು, ನಾನು ಆ ದಿನ ಆಡಲಿಲ್ಲ. ಬಸ್ಸು ಬಂತು, ಹತ್ತಿದೆ.

ಎರಡು ವರ್ಷದ ಮೇಲೆ ಬಿಜಾಪುರದಲ್ಲಿ, ತರಬೇತಿಗೆಂದು ಹೋದಾಗ, ಆ ಚಿತ್ರ ಮರಳಿ ಬಂದಿತ್ತು. ನನ್ನ ಬದುಕಿನ ಮೊದಲ ಟಾಕೀಜು. ಬಿಳಿ ಮಚ್ಚೆಯ ಕುದುರೆ ಬಂತು. ಟಾಂಗಾ ಓಡಿತು. ಆಸ್ಪತ್ರೆಯ ಬಾಗಿಲಿಗೆ ಮುಟ್ಟಿತು. ಮಗಳು ತಾಯಿಯ ಎದೆಯ ಮೇಲೆ ಬಿದ್ದಳು, ತಾಯಿ ಕಣ್ಣು ತೆರೆದಳು, ಎರಡು ದೊಡ್ಡ ಅಕ್ಷರ ಒಮ್ಮೆಗೇ ಬಂದವು. ಜನ ಚಪ್ಪಲಿ ಹುಡುಕುತ್ತ ಎದ್ದರು.

ಮರುದಿನವೇ ಮುದ್ದೇಬಿಹಾಳಕ್ಕೆ ಹೋದೆ. ಕಂಡಕ್ಟರು ಅಲ್ಲಿ ತಂಗಿಯ ಮನೆಯ ಪಡಸಾಲೆಯಲ್ಲಿ ಮಲಗಿದ್ದರು. ಕೆಮ್ಮಿ ಕೆಮ್ಮಿ ಎದೆ ಒಳಗೆ ಸೇರಿತ್ತು. ಸಿನಿಮಾದ ಕಡೆ ಮತ್ತೆ ತಲೆ ಹಾಕಿಲ್ಲವೆಂದು ತಂಗಿ ಹೇಳಿದಳು. ಪಂಚಿಲ್ಲದ ಕೈ ಹೊದಿಕೆಯ ಮೇಲೆ ಸುಮ್ಮನೆ ಮಡಚಿ ಬಿಚ್ಚುತ್ತಿತ್ತು.

"ನೀವು ಸುಳ್ಳು ಹೇಳೀರಿ," ಎಂದೆ. "ಮುಟ್ಟತಾಳಲ್ಲ. ಮಗಳು ಮುಟ್ಟತಾಳ. ನಾ ನೋಡಿ ಬಂದೆ."

ಅವರು ನನ್ನ ಕಡೆ ತಿರುಗಿದರು. "ಮುಟ್ಟತಾಳೇನ್ರಿ? ನನಗ ಹಂಗ ನೆನಪಿಲ್ಲರಿ ಅಕ್ಕೋರ. ಆಕೀಗಿ ಹೇಳಿದ್ದಷ್ಟಽ ನೆನಪೈತಿ. ಈಗ ಕಣ್ಣ ಮುಚ್ಚಿದ್ರೂ ಟಾಂಗಾ ಹಾದ್ಯಾಗಽ ಇರತೈತಿ."

ಆಗ ಹೇಳಿದೆ. ಎಲ್ಲವನ್ನೂ, ಆಕೆ ಮೊದಲೇ ಹತ್ತಿದ್ದಳು ಎಂಬುದನ್ನೂ. ನನ್ನ ದನಿ ನನಗೇ ಜಗಳದ ದನಿಯಾಗಿ ಕೇಳಿಸಿತು. ಬೈಯಲಿ, ಎದ್ದು ಹೋಗು ಎನ್ನಲಿ ಎಂದು ಕಾದೆ.

"ನೀವಾ? ನೀವೇನೂ ಅಂದಿದ್ದಿಲ್ಲರಿ," ಎಂದರು ಅವರು. "ನೀವ ಕಿಟಕ್ಯಾಗ ಪುಸ್ತಕ ಓದಕೋತ ಕುಂತಿದ್ರಿ. ನನಗ ಛಲೋ ನೆನಪೈತಿ. ನಾನಽ ಓಡಿ ಹ್ವಾದೆ."

ಆ ವಾರ ತೀರಿಕೊಂಡರು. ಸುದ್ದಿ ನನಗೆ ಮುಟ್ಟಿದ್ದು ತಿಂಗಳ ಮೇಲೆ.

ನನ್ನ ಕೈಯಲ್ಲಿ ಪುಸ್ತಕ ಇತ್ತೇ? ಇದ್ದಿರಬಹುದು, ಯಾವಾಗಲೂ ಒಂದು ಇರುತ್ತಿತ್ತು. ಅವರ ಮಾತು ನಂಬಬೇಕೆಂದು ಎಷ್ಟೋ ಸಲ ಕೂತು ಪ್ರಯತ್ನಿಸಿದ್ದೇನೆ. ಕಿಟಕಿ ಕಾಣುತ್ತದೆ, ಪುಸ್ತಕ ಕಾಣುತ್ತದೆ, ಓದುತ್ತಿರುವ ಹುಡುಗಿ ಕೂಡ ಒಮ್ಮೊಮ್ಮೆ ಕಾಣುತ್ತಾಳೆ. ಆದರೆ ಹೊತ್ತಿಗೆ ಮುಟ್ಟದವರಿಗೆ ಆ ಮನುಷ್ಯ ಎಂಥ ಸುಳ್ಳು ಹೇಳುತ್ತಿದ್ದರು ಎಂದು ನನಗೆ ಗೊತ್ತು. ಇಂಗಳೇಶ್ವರದ ಹಾದಿಯಲ್ಲಿ ಆಕೆಗೆ 'ಮುಟ್ಟಲಿಲ್ಲ' ಎಂದದ್ದೂ ಇದೇ ದನಿಯಲ್ಲೇ ಇರಬೇಕು.