ವರದಿಗಾಗಿ ಕಳುಹಿಸಿದೆ

ಸರ್ಕಾರಿ ಕಚೇರಿಗಳ ಲಂಚ, ಮೋಸಗಳ ಮೇಲೆ ಕಣ್ಣಿಡಲು ಸರ್ಕಾರದೊಳಗೇ ಒಂದು ಸ್ವತಂತ್ರ ಕಚೇರಿ ಬೇಕು, ಅದು ಹೇಗಿರಬೇಕು ಎಂದು ಜನರನ್ನೇ ಕೇಳಿಕೊಂಡು ಬರಲು ಎಂಬತ್ತರ ದಶಕದ ಮೊದಲ ವರ್ಷಗಳಲ್ಲಿ ಒಂದು ಸಮಿತಿ ನಮ್ಮ ಕಡೆ ಬಂದಿತ್ತು. ಸಮಿತಿ ಎಂದರೆ ನಿವೃತ್ತ ನ್ಯಾಯಾಧೀಶರೊಬ್ಬರು, ಅವರ ಚರ್ಮದ ಚೀಲ, ಒಂದು ಜೀಪು ಮತ್ತು ನಾನು. ನಾನು ಹಗರಿಬೊಮ್ಮನಹಳ್ಳಿಯ ಒಂದು ಕಚೇರಿಯಲ್ಲಿ ಗುಮಾಸ್ತ. ಕನ್ನಡ ಬೆರಳಚ್ಚು ಬರುತ್ತದೆ ಎಂಬ ಒಂದೇ ಕಾರಣಕ್ಕೆ ನನ್ನನ್ನು ಆರು ತಿಂಗಳ ಮಟ್ಟಿಗೆ ಅವರಿಗೆ ಎರವಲು ಕೊಟ್ಟಿದ್ದರು. ಅದು ಮುಗಿದ ಮೇಲೆ ಮತ್ತೆ ಅದೇ ಕುರ್ಚಿಗೆ, ಅದೇ ಸಾಹೇಬರ ಕೈಕೆಳಗೆ ಹೋಗಬೇಕಾದವನು ನಾನು. ಸ್ವತಂತ್ರ ಕಚೇರಿಯ ನಕ್ಷೆ ಬರೆಯಲು ಇಂಥವನನ್ನು ಕೂರಿಸಿದ್ದು ವಿಚಿತ್ರ ಎಂದು ಆಗ ಯಾರಿಗೂ ಅನ್ನಿಸಲಿಲ್ಲ, ನನಗಂತೂ ಅನ್ನಿಸಲೇ ಇಲ್ಲ.

ಆ ನ್ಯಾಯಾಧೀಶರೇ ಅಧ್ಯಕ್ಷರು, ಮೈಸೂರು ಕಡೆಯವರು. ಮಾತು ಕಡಿಮೆ, ಕೇಳುವುದು ಹೆಚ್ಚು. ಹಡಗಲಿ, ಹರಪನಹಳ್ಳಿ, ಕೂಡ್ಲಿಗಿ ಎಂದು ಊರೂರಿನ ಪ್ರವಾಸಿ ಮಂದಿರಗಳಲ್ಲಿ ಕೂತು ಜನ ಹೇಳಿದ್ದನ್ನೆಲ್ಲ ಬರೆಸಿಕೊಳ್ಳುತ್ತಿದ್ದರು. ಹೊಳಲಿನಿಂದ ಬಂದಿದ್ದ ಮಾಸ್ತರರೊಬ್ಬರು, ಆ ಕಚೇರಿಯ ಮುಖ್ಯಸ್ಥನನ್ನು ಮಂತ್ರಿಗಳು ನೇಮಿಸಲೂ ಕೂಡದು, ತೆಗೆಯಲೂ ಕೂಡದು ಎಂದರು. ಹರಪನಹಳ್ಳಿಯ ವಕೀಲರು, ದೂರು ಕೊಡುವವರು ಹೆಸರು ಹಾಕಿ ಪ್ರಮಾಣಪತ್ರ ಮಾಡಿಸಲೇಬೇಕು, ಮೂಗರ್ಜಿ ತೆಗೆದುಕೊಂಡರೆ ಯಾರು ಬೇಕಾದರೂ ಯಾರ ಮೇಲೆ ಬೇಕಾದರೂ ಕೆಸರು ಎರಚಬಹುದು ಎಂದರು. ಕೂಡ್ಲಿಗಿಯಲ್ಲಿ ಈ ಮಾತು ಎತ್ತಿದಾಗ ಕೂಲಿಯ ಹೆಣ್ಣುಮಗಳೊಬ್ಬಳು ಉತ್ತರ ಕೊಟ್ಟಳು. "ಪ್ರಮಾಣ ಮಾಡಾಕ ನಾ ತಯಾರ್ ಅದೀನ್ರಿ. ಆದ್ರ ಮರುದಿನ ಅದ ಆಫೀಸಿನ ಮುಂದ ನಾನ ಹೋಗಿ ನಿಂದ್ರಬೇಕಲ್ರಿ." ಅಧ್ಯಕ್ಷರು ಆ ಮಾತನ್ನು ನನ್ನಿಂದ ಎರಡು ಸಲ ಓದಿಸಿದರು.

ಕೊಟ್ಟೂರಿಗೆ ಹೋದಾಗ ಮಿಸ್ತ್ರಿಯೊಬ್ಬರು ಬಂದರು. ಐವತ್ತು ದಾಟಿದ ಮುಸಲ್ಮಾನರು. ಸುತ್ತಲಿನ ಹಳ್ಳಿಗಳ ಬೋರಿಂಗು, ಅಂದರೆ ಕೈಪಂಪು, ಕೆಟ್ಟರೆ ನೀರಿನ ಕಚೇರಿಯವರು ದಿನಗೂಲಿಯ ಮೇಲೆ ಅವರನ್ನೇ ಕರೆಯುತ್ತಿದ್ದರು. ಜನರೆಲ್ಲ ಹೋಗುವವರೆಗೂ ಬಾಗಿಲ ಹತ್ತಿರ ನಿಂತಿದ್ದು, ಆಮೇಲೆ ಒಳಗೆ ಬಂದು ಬಾಗಿಲನ್ನು ತಾವೇ ಮುಂದಕ್ಕೆ ತಳ್ಳಿದರು.

"ಸಾಹೇಬ್ರ, ಮೂರು ಬೋರಿಂಗ್ ಬಿಚ್ಚಿ ನೋಡೀನಿ. ಆಫೀಸಿನ ಪುಸ್ತಕದಾಗ ಹತ್ತತ್ತು ಪೈಪು ಇಳಿಸೀವಿ ಅಂತ ಬರದಾರ. ಎತ್ತಿದ್ರ ಆರಾರು ಅದಾವ. ಬ್ಯಾಸಿಗ್ಯಾಗ ನೀರು ಕೆಳಗ ಹೋಗತೈತಿ, ಪೈಪು ಮುಟ್ಟಂಗಿಲ್ಲ. ಹೆಣ್ಮಕ್ಕಳು ಹೊಡದು ಹೊಡದು ಬರೇ ಗಾಳಿ ತಗೀತಾರ. ಮಿಸ್ತ್ರಿ ಸರಿಯಾಗಿ ರಿಪೇರಿ ಮಾಡಲಿಲ್ಲ ಅಂತ ಬೈಸ್ಕೊಳ್ಳಾವ ನಾನು."

ಯಾವ ಊರು, ಯಾವ ಬೋರಿಂಗು ಎಂದು ಎಲ್ಲ ಹೇಳಿದರು. ನಾನು ಬರೆದುಕೊಂಡೆ. ಕೊನೆಗೆ ಕೈಮುಗಿದು, "ನನ್ನ ಹೆಸರು ಮಾತ್ರ ಹೊರಗ ಬರಬಾರ್ದ್ರಿ. ಬಂದ್ರ ನಾ ಮುಗದೆ" ಎಂದರು.

"ಈ ಕೋಣೆಯಿಂದ ಹೊರಗೆ ಹೋಗುವುದಿಲ್ಲ. ಇದು ನನ್ನ ಮಾತು" ಎಂದರು ಅಧ್ಯಕ್ಷರು. ಮಿಸ್ತ್ರಿ ಆ ಮಾತು ನಂಬಿ ಹೇಳಿಕೆಯ ಕೆಳಗೆ ಹೆಬ್ಬೆಟ್ಟಲ್ಲ, ಪೂರಾ ರುಜು ಹಾಕಿ ಹೋದರು.

ನಾಲ್ಕು ದಿನದ ನಂತರ ಹಗರಿಬೊಮ್ಮನಹಳ್ಳಿಯಲ್ಲಿ ಟಪಾಲು ವಿಲೇವಾರಿಗೆ ಕೂತೆ. ಯಾವ ಇಲಾಖೆಯ ಬಗ್ಗೆ ಜನ ಏನು ಸಲಹೆ ಕೊಟ್ಟಿದ್ದಾರೋ ಅದನ್ನು ಆಯಾ ಇಲಾಖೆಗೆ ಕಳುಹಿಸಿ ಅಭಿಪ್ರಾಯ ತರಿಸು ಎಂದು ಅಧ್ಯಕ್ಷರು ಹೇಳಿದ್ದರು. ಹೇಳಿದ್ದು ಸಲಹೆಗಳನ್ನು, ದೂರುಗಳನ್ನಲ್ಲ. ನನ್ನ ಕೈಗೆ ಆ ವ್ಯತ್ಯಾಸ ಗೊತ್ತಿರಲಿಲ್ಲ. ಒಂಬತ್ತು ವರ್ಷದ ನೌಕರಿಯಲ್ಲಿ ನಾನು ಕಲಿತದ್ದು ಒಂದೇ: ಕಾಗದ ಬಂದರೆ, ಅದು ಯಾವ ಕಚೇರಿಯ ಮೇಲಿದೆಯೋ ಆ ಕಚೇರಿಗೆ "ವರದಿಗಾಗಿ ಕಳುಹಿಸಿದೆ" ಎಂದು ಷರಾ ಬರೆದು ಸಾಗಹಾಕುವುದು. ಹಾಗೆ ಮಾಡಿದರೆ ನಮ್ಮ ಮೇಜು ಖಾಲಿ. ಮಿಸ್ತ್ರಿಯ ಹೇಳಿಕೆ ನೀರಿನ ಕಚೇರಿಗೆ ಸಂಬಂಧಿಸಿದ್ದು. ಅದರ ನಕಲನ್ನು ಹೆಸರು, ರುಜು ಸಮೇತ ಬೆರಳಚ್ಚು ಮಾಡಿ ನೀರಿನ ಕಚೇರಿಯ ಕಟ್ಟಿಗೆ ಸೇರಿಸಿದೆ. ಅಧ್ಯಕ್ಷರು ನಾನು ಬೆರಳಿಟ್ಟಲ್ಲೆಲ್ಲ ರುಜು ಮಾಡುತ್ತಾ ಬಂದರು. ನನ್ನ ಮೇಲೆ ಅಷ್ಟು ನಂಬಿಕೆ ಅವರಿಗೆ.

ವಾರ ಕಳೆದು ಉತ್ತರ ಬಂತು. ಸದರಿ ಮಿಸ್ತ್ರಿಯು ರಿಪೇರಿಯ ನೆಪದಲ್ಲಿ ಪಂಪು ಬಿಚ್ಚಿ ಪೈಪುಗಳನ್ನು ಕದ್ದು ಮಾರಿಕೊಂಡಿರುವುದಾಗಿಯೂ, ಆತನನ್ನು ಕೆಲಸದಿಂದ ತೆಗೆದು ಠಾಣೆಗೆ ದೂರು ಕೊಟ್ಟಿರುವುದಾಗಿಯೂ ಬರೆದಿದ್ದರು. ಕಾಗದವನ್ನು ಅಧ್ಯಕ್ಷರ ಮುಂದಿಟ್ಟು ನಿಂತೆ. ಅವರು ನಾವು ಕಳುಹಿಸಿದ ಕಾಗದದ ಕಚೇರಿ ಪ್ರತಿ ತರಿಸಿ, ಅದರ ಮೇಲಿನ ತಮ್ಮದೇ ರುಜುವನ್ನು ಬಹಳ ಹೊತ್ತು ನೋಡಿದರು. ಬೈದಿದ್ದರೆ ಚೆನ್ನಾಗಿತ್ತು.

ಅಂದೇ ಜಿಲ್ಲೆಯ ಹಿರಿಯ ಅಧಿಕಾರಿಗಳಿಗೆ ಬರೆದರು, ತಾವೇ ಹೋಗಿ ಮಾತಾಡಿದರು. ಠಾಣೆಗೆ ಕೊಟ್ಟ ದೂರು ಮುಂದುವರಿಯಲಿಲ್ಲ. ಕೆಲಸ ಮಾತ್ರ ಮಿಸ್ತ್ರಿಗೆ ಮರಳಿ ಸಿಗಲಿಲ್ಲ. ದಿನಗೂಲಿಯವನನ್ನು ಕರೆಯದಿರಲು ಯಾರಿಗೂ ಕಾರಣ ಬೇಕಿರಲಿಲ್ಲ. ಅದಕ್ಕಿಂತ ಕೆಟ್ಟದ್ದು ಊರಿನ ಬಾಯಿ. ಯಾವ ಹಳ್ಳಿಗಳ ಹೆಂಗಸರಿಗಾಗಿ ಅವರು ಬಂದು ಹೇಳಿದ್ದರೋ ಅದೇ ಹಳ್ಳಿಗಳಲ್ಲಿ ಅವರು ಪೈಪು ಕದ್ದ ಮಿಸ್ತ್ರಿಯಾದರು.

ಅವರನ್ನು ನೋಡಲು ನಾನು ಕೊಟ್ಟೂರಿಗೆ ಹೋದದ್ದು ಎರಡು ತಿಂಗಳಾದ ಮೇಲೆ. ಅಷ್ಟು ದಿನ ಏನೇನೋ ನೆವ ಹುಡುಕಿದ್ದೆ. ಅವರು ಬಜಾರಿನ ಒಂದು ಕಟ್ಟೆಯ ಮೇಲೆ ಸ್ಟೋವು, ಬೀಗ ರಿಪೇರಿಗೆ ಕೂತಿದ್ದರು. ನನ್ನನ್ನು ನೋಡಿ ಗೋಣಿಚೀಲ ಸರಿಸಿ, "ಬರ್ರಿ, ಕುಂದ್ರಿ" ಎಂದರು. ಆ ಮರ್ಯಾದೆ ನನಗೆ ತಾಳಲಾಗಲಿಲ್ಲ.

"ನಿಮ್ಮ ಸಾಹೇಬ್ರು ಹಿಂಗ ಮಾಡಬಾರ್ದಿತ್ತು" ಎಂದರು. "ಮಾತು ಕೊಟ್ಟಿದ್ರು."

"ಸಾಹೇಬ್ರಲ್ರಿ ಮಿಸ್ತ್ರಿ. ನಾನು" ಎಂದೆ. ಆದದ್ದನ್ನೆಲ್ಲ ಹೇಳಿದೆ.

ಅವರು ಕೈಯಲ್ಲಿದ್ದ ಸ್ಟೋವನ್ನು ಕೆಳಗಿಟ್ಟರು. "ನೀರಿನ ಆಫೀಸಿನವ್ರು ನಿಮಗ ಏನರ ಕೊಟ್ಟಿದ್ರೇನ್ರಿ?"

"ಇಲ್ರಿ."

"ನನ್ನ ಮ್ಯಾಲ ಸಿಟ್ಟಿತ್ತೇನು?"

"ಇಲ್ರಿ. ರೂಢಿ. ಕೈ ರೂಢಿಲೆ ಮಾಡಿಬಿಡ್ತು."

"ಲಂಚ ತಿಂದು ಮಾಡಿದ್ರ ನಿಮ್ಮ ಕೊರಳಪಟ್ಟಿ ಹಿಡೀತಿದ್ನಿ. ರೂಢಿಲೆ ಮಾಡೀನಿ ಅಂದ್ರ ಯಾರ ಜೋಡಿ ಜಗಳಾ ಆಡ್ಲಿ?" ಎಂದರು. ಅವರ ಕಣ್ಣಲ್ಲಿ ನೀರು ಬಂದಿತ್ತು. ಕೆಳಗಿಟ್ಟ ಸ್ಟೋವನ್ನು ಮತ್ತೆ ಕೈಗೆತ್ತಿಕೊಂಡು ಮುಂದುವರಿಸಿದರು. "ನಿಮ್ಮ ವರದಿಯೊಳಗ ಇದನ್ನ ಬರೀರಿ. ಕಳ್ಳ ಅನ್ನಾಕ ನನ್ನ ಹೆಸರು ಹಾಕ್ಯಾರ, ಖರೆ ಹೇಳಾಕ ಯಾಕ ಮುಚ್ಚಬೇಕು? ನನ್ನ ಹೆಸರು ಹಾಕ್ರಿ. ಅದರ ಮಗ್ಗುಲಕ್ಕ ನಿಮ್ಮ ಹೆಸರೂ ಹಾಕ್ರಿ. ಅಚ್ಚಾದ ಮ್ಯಾಲ ನನಗೊಂದು ಪ್ರತಿ ಕೊಡ್ರಿ. ನಾಲ್ಕು ಮಂದಿಗೆ ತೋರಸ್ತೀನಿ."

ಹಾಕುತ್ತೇನೆ, ಕೊಡುತ್ತೇನೆ ಎಂದು ಮಾತು ಕೊಟ್ಟು ಬಂದೆ.

ವರದಿಯಲ್ಲಿ ಅಧ್ಯಕ್ಷರು ಎರಡು ಕಲಮು ಹೊಸದಾಗಿ ಸೇರಿಸಿದರು. ದೂರು ಯಾವ ಕಚೇರಿಯ ಮೇಲಿದೆಯೋ ಆ ಕಚೇರಿಗೆ ದೂರನ್ನಾಗಲಿ ನಕಲನ್ನಾಗಲಿ ಕಳುಹಿಸಕೂಡದು. ಆ ಸ್ವತಂತ್ರ ಕಾವಲು ಕಚೇರಿಗೆ ಬೇರೆ ಇಲಾಖೆಯಿಂದ ಎರವಲು ನೌಕರರನ್ನು ತರಕೂಡದು. ಇವೆರಡಕ್ಕೂ ಆಧಾರವಾಗಿ ಮಿಸ್ತ್ರಿಯ ಪ್ರಕರಣ ಬರೆ ಎಂದು ನನಗೇ ಹೇಳಿದರು. ತಮ್ಮ ಹೆಸರು ಹಾಕಿ ಎಂದು ಮಿಸ್ತ್ರಿಯೇ ಕೇಳಿದ್ದನ್ನು ಅವರಿಗೆ ತಿಳಿಸಿ, ನಾನು ಒಂದು ಪುಟ ಬೆರಳಚ್ಚು ಮಾಡಿದೆ. ಮಿಸ್ತ್ರಿಯ ಹೆಸರು, ಅವರ ಮೇಲಿನ ಆರೋಪ ಸುಳ್ಳು ಎಂಬ ಮಾತು, ಹೇಳಿಕೆಯನ್ನು ಹೊರಗೆ ಕಳುಹಿಸಿದ ಗುಮಾಸ್ತನ ಹೆಸರು, ಎಲ್ಲ ಇತ್ತು.

ಅಧ್ಯಕ್ಷರು ಓದಿ, ಪೆನ್ನು ತೆಗೆದು, ನನ್ನ ಹೆಸರಿನ ಮೇಲೆ ಗೆರೆ ಎಳೆದರು. ಅಲ್ಲಿ "ಕಚೇರಿಯ ಅಚಾತುರ್ಯದಿಂದ" ಎಂದು ಬರೆದರು. "ನಿಮಗೆ ಇನ್ನೂ ಇಪ್ಪತ್ತೈದು ವರ್ಷ ಸರ್ವೀಸ್ ಇದೆ. ಮಕ್ಕಳು ಚಿಕ್ಕವರು. ನೀವು ವಾಪಸ್ ಅಲ್ಲಿಗೇ ಹೋಗಬೇಕು" ಎಂದರು. ಅವರದು ಒಳ್ಳೆಯ ಮನಸ್ಸು. ಬೇಡ ಸರ್, ಇರಲಿ ಎಂದು ನಾನು ಹೇಳಬಹುದಿತ್ತು. ಅವರು ಒಪ್ಪುತ್ತಿದ್ದರು ಕೂಡ.

ನಾನು "ಆಗಲಿ ಸರ್" ಎಂದೆ. ಹೊಸ ಹಾಳೆ ಹಾಕಿ ಮತ್ತೆ ಬೆರಳಚ್ಚು ಮಾಡಿದೆ. ಆಗ ನನಗೆ ಆದದ್ದು ಸಂಕಟವಲ್ಲ, ಸಮಾಧಾನ. ಆ ಸಮಾಧಾನವನ್ನು ನೆನೆದರೆ ಇವತ್ತಿಗೂ ತಲೆ ತಗ್ಗುತ್ತದೆ. ವರದಿ ಅಚ್ಚಾಗಿ ಬಂದಾಗ ಮಿಸ್ತ್ರಿಯ ಹೆಸರು ಇತ್ತು, ಅದರ ಪಕ್ಕದಲ್ಲಿ ಯಾರ ಹೆಸರೂ ಇರಲಿಲ್ಲ. ಅವರ ಪಾಲಿನ ಪ್ರತಿಯನ್ನು ನಾನು ಕೊಡಲಿಲ್ಲ. ಕೊಟ್ಟೂರಿನ ಆ ಬಜಾರಿಗೆ ಮತ್ತೆ ಕಾಲಿಡಲೂ ಇಲ್ಲ.