ನಿಂಬೆ ಮರಕ್ಕೆ ಕಟ್ಟಿದ ಬೂಷ್ಟು

1943ರ ಜೂನ್ ತಿಂಗಳಲ್ಲಿ ನಮ್ಮ ಮನೆಯ ನಿಂಬೆ ತೋಟವನ್ನು ಕಡಿದು ಹಿಪ್ಪುನೇರಳೆ ನೆಡುವುದೆಂದು ಭಾವ, ಅಂದರೆ ನನ್ನ ಗಂಡನ ಅಣ್ಣ, ತೀರ್ಮಾನಿಸಿದರು. ಊರು ವೇಮಗಲ್ಲಿಗೆ ಹತ್ತಿರ. ಯುದ್ಧದ ಪ್ಯಾರಾಚೂಟುಗಳಿಗೆ ರೇಷ್ಮೆ ಬೇಕಾಗಿತ್ತು. ಸುತ್ತಲಿನ ಹಳ್ಳಿಗಳಲ್ಲಿ ಹಿಪ್ಪುನೇರಳೆ ಹೆಚ್ಚುತ್ತಿತ್ತು. ನಿಂಬೆಗೋ ಹುಳು ಬಿದ್ದು ಎರಡು ವರ್ಷವಾಗಿತ್ತು. ಎಲೆಯ ಅಡಿಯಲ್ಲಿ, ನರದ ಉದ್ದಕ್ಕೂ, ಎಳ್ಳಿನಷ್ಟು ಗಾತ್ರದ ತೆಳುಹಸಿರು ಹುಳು ಅಲುಗಾಡದೆ ಅಂಟಿಕೊಂಡಿರುತ್ತಿತ್ತು. ಅದು ಸುರಿಸುವ ಸಿಹಿ ಅಂಟಿಗೆ ಇರುವೆಗಳು ಹತ್ತುತ್ತಿದ್ದವು, ಎಲೆಗೆ ಮಸಿ ಹಿಡಿಯುತ್ತಿತ್ತು, ಹೂವು ನಿಲ್ಲುತ್ತಿರಲಿಲ್ಲ.

ಆ ಮೂರು ಸಾಲು ಮರಗಳನ್ನು ನೆಟ್ಟವರು ಅತ್ತೆ. ಮದುವೆಯಾಗಿ ಬಂದ ಹೊಸದರಲ್ಲಿ ಕೊಡದಲ್ಲಿ ನೀರು ಹೊತ್ತು ಬೆಳೆಸಿದ್ದರಂತೆ. ಹೊಲ, ದನ, ಮನೆ ಎಲ್ಲವೂ ಗಂಡಸರ ಮಾತಿನಲ್ಲಿ ನಡೆಯುತ್ತಿದ್ದವು. ನಿಂಬೆ ಮಾತ್ರ ಅತ್ತೆಯದು. ಮಾರುವುದು, ಹಂಚುವುದು, ಉಪ್ಪಿನಕಾಯಿ ಹಾಕುವುದು ಎಲ್ಲ ಅವರೇ.

"ದೀಪಾವಳಿವರೆಗೂ ಬಿಡೋ," ಎಂದರು ಮಗನಿಗೆ. "ಆಗಲೂ ಚಿಗುರಲಿಲ್ಲ ಅಂದ್ರೆ ನಾನೇ ಕೊಡಲಿ ತಂದುಕೊಡ್ತೀನಿ."

"ಅಷ್ಟರಲ್ಲಿ ಯಾವ ದೇವರು ಇಳಿದು ಬರ್ತಾನಮ್ಮಾ? ಸರಿ, ಬಿಟ್ಟೆ. ಹಬ್ಬದ ಮಾರನೇ ದಿನ ಆಳು ಬರ್ತಾರೆ."

ಜುಲೈನಲ್ಲಿ ಕೋಲಾರದಿಂದ ವ್ಯವಸಾಯ ಇಲಾಖೆಯ ಇನ್ಸ್‌ಪೆಕ್ಟರೊಬ್ಬರು ಸೈಕಲ್ಲಿನಲ್ಲಿ ಬಂದರು. ಬಂದದ್ದು ರಾಗಿಯ ವಿಷಯಕ್ಕೆ. ಅತ್ತೆ ಅವರನ್ನು ತೋಟಕ್ಕೆ ಕರೆದೊಯ್ದರು. ನಾನು ಸ್ವಲ್ಪ ಹಿಂದೆ ನಿಂತಿದ್ದೆ, ಅವರು ಹೇಳಿದ್ದೆಲ್ಲ ಕೇಳಿಸಿತೆಂದು ಹೇಳಲಾರೆ. ಬಾವಿ ಪಕ್ಕದ ಮರದ ಒಂದು ಎಲೆಯನ್ನು ಮಗುಚಿ ತೋರಿಸಿದರು. ಕೆಲವು ಹುಳುಗಳ ಸುತ್ತ ಬಿಳಿ ಬೂಷ್ಟು ಉಂಗುರದಂತೆ ಬೆಳೆದಿತ್ತು.

"ಇವು ಸತ್ತಿವೆ ತಾಯಿ. ಈ ಬೂಷ್ಟು ಹುಳು ತಿನ್ನುತ್ತೆ, ಎಲೆಗೇನೂ ಮಾಡಲ್ಲ. ಇಂಥ ಎಲೆ ಕಿತ್ತು ಹುಳ ಇರೋ ಕೊಂಬೆಗಳಿಗೆ ಕಟ್ಟಿ ನೋಡಿ. ಹತ್ತಿದರೆ ಹತ್ತಬಹುದು, ಖಂಡಿತ ಅಂತ ಹೇಳಲ್ಲ."

ಸೈಕಲ್ಲು ಮರೆಯಾದ ಮೇಲೆ ಅತ್ತೆ ನನ್ನ ಕಡೆ ತಿರುಗಿದರು. "ಉಪ್ಪಿನಕಾಯಿ ಜಾಡೀಲಿ ಬೂಷ್ಟು ಕಂಡ್ರೆ ತಿಪ್ಪೆಗೆ ಸುರಿಯೋಳು ನಾನು. ಅದನ್ನ ಮರಕ್ಕೆ ಕಟ್ಟು ಅಂತಾನಲ್ಲೇ ಮಹಾನುಭಾವ!"

ಆದರೂ ಅಂದೇ ಒಂದು ಮೊರದ ತುಂಬ ಎಲೆ ಕಿತ್ತರು. ನಮ್ಮ ಕಡೆ ಬಿತ್ತನೆಗೆ ಎತ್ತಿಡುವ ಯಾವುದನ್ನೂ ಬಿಸಿಲು ಕಾಣಿಸದೆ, ಬೂದಿ ಬೆರೆಸದೆ ಇಡುತ್ತಿರಲಿಲ್ಲ. ಅವರೆ, ತೊಗರಿ, ಕುಂಬಳದ ಬೀಜ, ಎಲ್ಲಕ್ಕೂ ಅದೇ ಕ್ರಮ. ಈ ಎಲೆಗಳಿಗೂ ಅದೇ ಆಯಿತು. ಒಣಗಿಸಿ, ಬೂದಿ ಉದುರಿಸಿ, ಬಟ್ಟೆಯಲ್ಲಿ ಗಂಟು ಕಟ್ಟಿ ಒಲೆಯ ಮೇಲೆ ತೂಗುಹಾಕಿದೆವು. ಶ್ರಾವಣದಲ್ಲಿ ಒಳ್ಳೆಯ ದಿನ ನೋಡಿ ಬಾಳೆನಾರಿನಿಂದ ಮರಗಳಿಗೆ ಕಟ್ಟಿದೆವು. ನಮ್ಮಲ್ಲಿ ಯಾರಿಗೂ ಇದು ವಿಚಿತ್ರವೆನಿಸಲಿಲ್ಲ.

ಗೌರಿಹಬ್ಬದ ಹೊತ್ತಿಗೆ ಕಟ್ಟಿದ ಎಲೆಗಳು ಪುಡಿಪುಡಿಯಾಗಿದ್ದವು. ಹುಳು ಹಾಗೆಯೇ ಇತ್ತು.

"ಏನಮ್ಮಾ, ತೋರಣ ಕಟ್ಟಿದ್ದೀಯ, ಮದುವೆ ಯಾವ ಮರದ್ದು?" ಎಂದರು ಭಾವ. ಅತ್ತೆ ಎದ್ದು ಒಳಗೆ ಹೋದರು. ಅದೇ ವಾರ ಭಾವ ಹಿಪ್ಪುನೇರಳೆ ಕಡ್ಡಿಗೆ ಮಾಲೂರಿಗೆ ಹೇಳಿಕಳಿಸಿದರು.

ಆಮೇಲೆ ಜಡಿಮಳೆ ಹಿಡಿಯಿತು. ನೀರಿಗೆ ಹೋದಾಗ ಬಾವಿ ಪಕ್ಕದ ಮರ ನೋಡಿದೆ. ಬಿಳುಪು ಮೊದಲಿಗಿಂತ ಹರಡಿತ್ತು. ಅದಕ್ಕೆ ತಾಗಿಕೊಂಡಿದ್ದ ಪಕ್ಕದ ಮರದ ಕೊಂಬೆಗೂ ದಾಟಿತ್ತು. ನಾವು ಒಣ ಎಲೆ ಕಟ್ಟಿದ್ದ ಬೇರೆ ಕೊಂಬೆಗಳಲ್ಲಿ ಇರಲಿಲ್ಲ. ಒಂದು ಎಲೆ ತಂದು ಅತ್ತೆಗೆ ಕೊಟ್ಟೆ.

"ಅತ್ತೆ, ಇದು ಹಸಿಯಾಗಿದ್ರೇನೇ ಹತ್ತೋದು. ಇದು ಬೀಜ ಅಲ್ಲ, ಮೊಸರಿನ ಹೆಪ್ಪಿನ ಥರ."

ಅತ್ತೆ ಬಿಳಿಯಾದ ಹುಳುವೊಂದನ್ನು ಉಗುರಿನಿಂದ ಕೆರೆದರು. ರಸವಿರಲಿಲ್ಲ, ಹೊಟ್ಟಿನಂತೆ ಎದ್ದುಬಂತು.

"ಹೂಂ ಕಣೇ. ಹೆಪ್ಪಿಗೆ ಬಿಸಿಲು ಕಾಯಿಸಿ, ಬೂದಿ ಬಳಿದು, ಹೊಗೆ ಬೇರೆ ಹಾಕಿದ್ದೀವಿ! ಮುಳಬಾಗಲಿನೋಳು ಮೊದಲೇ ಬಾಯಿ ಬಿಡೋಕೇನಾಗಿತ್ತು?"

ನನ್ನ ತೌರು ಮುಳಬಾಗಲು. ಮನೆಯಲ್ಲಿ ಏನು ಕೆಟ್ಟರೂ ಆ ಊರಿನ ಹೆಸರು ಬರುತ್ತಿತ್ತು.

ತಲೆಗೆ ಗೋಣಿಕೊಪ್ಪೆ ಹಾಕಿಕೊಂಡು ಆ ಮಳೆಯಲ್ಲೇ ಶುರು ಮಾಡಿದೆವು. ಬಾವಿ ಪಕ್ಕದ ಮರದ ಎಲೆಗಳನ್ನು ನಾನು ಕೀಳುವುದು, ಅತ್ತೆ ಕೂಡಲೇ ಬೇರೆ ಮರಕ್ಕೆ ಕಟ್ಟುವುದು. ಒಂದು ಗಳಿಗೆಯೂ ಮೊರದಲ್ಲಿಡಲಿಲ್ಲ. ಮೊದಲ ದಿನ ಭಾವ ಜಗಲಿಯಲ್ಲಿ ಕುಳಿತು ನಕ್ಕರು. ಮರುದಿನ ಏಣಿ ಹೊತ್ತು ತಂದರು.

"ನೀವು ಕೆಳಗೆ ಕಟ್ಟಿದ್ರೆ ಮೇಲಿನ ಹುಳ ಇಳಿದು ಬಂದು ಸಾಯ್ತದಾ? ಕೊಡಮ್ಮ ಇಲ್ಲಿ."

"ನಿಂಗ್ಯಾಕೋ? ಕಡಿಯೋನಿಗೆ ಕಟ್ಟೋ ಕೆಲಸ ಯಾಕೆ?"

"ಕಡಿಯೋಕೆ ಇನ್ನೂ ದಿನ ಇದೆ, ಕೊಡು."

ನೆತ್ತಿಯ ಕೊಂಬೆಗಳಿಗೆಲ್ಲ ಕಟ್ಟಿದವರು ಅವರೇ. ಮುಳ್ಳಿಗೆ ಕೈ ಗೀಚಿಕೊಂಡು ಬೈಯುತ್ತಾ ಕಟ್ಟಿದರು.

ದೀಪಾವಳಿಗೆ ಮೊದಲ ಸಾಲಿನಲ್ಲಿ ಎಲೆ ಮಗುಚಿದಲ್ಲೆಲ್ಲ ಬಿಳಿ ಉಂಗುರಗಳಿದ್ದವು. ಎರಡನೆಯದರಲ್ಲಿ ಅಲ್ಲಲ್ಲಿ, ಮೂರನೆಯದರಲ್ಲಿ ಅಪರೂಪ. ಬಾವಿಯ ಕಡೆಯ ಮರಗಳಲ್ಲಿ ಮಸಿಯಿಲ್ಲದ ಚಿಗುರು ಬಂದಿತ್ತು. ಹಬ್ಬದ ಮಾರನೇ ದಿನ ಆಳುಗಳು ಹೇಳಿದಂತೆ ಬಂದರು. ಭಾವ ತೋಟವನ್ನು ಒಮ್ಮೆ ಸುತ್ತಿ ಬಂದು, ಅವರನ್ನು ಊರಾಚೆ ಆ ವರ್ಷ ಬಿತ್ತದೆ ಬಿಟ್ಟಿದ್ದ ರಾಗಿ ಹೊಲಕ್ಕೆ ಕರೆದುಕೊಂಡು ಹೋಗಿ ಹಿಪ್ಪುನೇರಳೆಗೆ ಗುಂಡಿ ತೆಗೆಸಿದರು.

ಮೂರನೇ ಸಾಲಿನ ತುದಿಯ ಎರಡು ಮರ ಉಳಿಯಲಿಲ್ಲ. 1946ರ ಬೇಸಿಗೆಯಲ್ಲಿ ಹುಳು ಮತ್ತೆ ಬಂತು. ಆ ಮಳೆಗಾಲ ಯಾರೂ ಕಟ್ಟದೆಯೇ ಮೂರೂ ಸಾಲಿನಲ್ಲಿ ಬಿಳಿ ಬೂಷ್ಟು ಕಂಡಿತು. 1949ರಲ್ಲಿ ನಿಂಬೆಕಾಯಿ ಕೊಳ್ಳಲು ಶ್ರೀನಿವಾಸಪುರದ ವ್ಯಾಪಾರಿಯೊಬ್ಬರು ಗಾಡಿ ತಂದರು. ಅವರೊಡನೆ ಬೆಲೆಯ ಮಾತು ಮುಗಿಸಿ ಗಾಡಿ ತುಂಬಿಸಿದವರು ಅತ್ತೆ.