ನನಗಿಂತ ಮೊದಲು ಔಷಧಿ ಕುಡಿದವಳು

ಮೊಮ್ಮಕ್ಕಳೇ, ದೆವ್ವ, ಮಾಟ ಎಂದು ಯಾರಾದರೂ ಮಾತು ತೆಗೆದರೆ ನಾನು ಎದ್ದು ಒಳಗೆ ಹೋಗುವವಳು. ಈಗಲೂ ನಂಬುವುದಿಲ್ಲ. ಆದರೂ ಇದೊಂದನ್ನು ಬರೆಯುತ್ತೇನೆ. ಬಾಯಿಬಿಟ್ಟು ಹೇಳಲು ನನಗೆ ನಾಚಿಕೆ.

ಗದಗಿನಲ್ಲಿ ಪಿತ್ತಕೋಶ ತೆಗೆಸಿಕೊಂಡು ಲಕ್ಷ್ಮೇಶ್ವರದ ಮನೆಗೆ ಬಂದಿದ್ದೆ. ಕೆಲವೇ ದಿನಗಳಲ್ಲಿ ಬಲಪಕ್ಕೆ ನೋಯತೊಡಗಿತು, ಹೊಟ್ಟೆ ಉಬ್ಬಿತು, ಜ್ವರ ಬಂತು. ಕಣ್ಣು ಹಳದಿಯಾದದ್ದನ್ನು ನೋಡಿ ಓಣಿಯವರೆಲ್ಲ ಕಾಮಣಿ ಎಂದರು. ಕಾಮಣಿಯಾದರೆ ನಮ್ಮಲ್ಲಿ ಮೊದಲು ದವಾಖಾನೆಗಲ್ಲ, ಸೊಪ್ಪಿನ ರಸ ಕೊಡುವವರ ಬಳಿಗೆ ಹೋಗುವುದು ರೂಢಿ. ಕೊಯ್ದ ಹೊಟ್ಟೆಗೂ ಹಳದಿ ಕಣ್ಣಿಗೂ ಸಂಬಂಧವಿರಬಹುದೆಂದು ನಮಗ್ಯಾರಿಗೂ ಹೊಳೆಯಲಿಲ್ಲ. ಮತ್ತೆ ಆ ಮಂಚ, ಆ ವಾಸನೆ ಬೇಡವೆಂದು ನಾನೂ ಸೊಪ್ಪಿನ ರಸಕ್ಕೇ ಒಪ್ಪಿದೆ.

ಒಂದು ಭಾನುವಾರ ಮಧ್ಯಾಹ್ನ ನಿಮ್ಮವ್ವ ನನ್ನನ್ನು ಆಟೋದಲ್ಲಿ ಒರಗಿಸಿಕೊಂಡು ಶಿರಹಟ್ಟಿ ಹತ್ತಿರದ ಹಳ್ಳಿಗೆ ಕರೆದೊಯ್ದಳು. ಔಷಧಿ ಕೊಡುವ ಮುದುಕಿಯನ್ನು ಅದುವರೆಗೆ ನಾವಿಬ್ಬರೂ ಕಂಡಿರಲಿಲ್ಲ. ಆಕೆ ನನ್ನನ್ನು ನೋಡಿದ್ದೇ ಗದರಿದಳು.

“ಮುಂಜಾನೆ ಕುಡದು ಹೋದಾಕಿ ಮತ್ತ್ಯಾಕ ಬಂದಿ? ಒಮ್ಮೆ ಕೊಟ್ರ ಮುಂದಿನ ಐತವಾರದ ತನಕ ಕೊಡಂಗಿಲ್ಲ.”

“ಯಾರನ್ನ ನೋಡಿ ಯಾರಂತೀರಿ ಆಯಿ? ನಮ್ಮವ್ವಗ ಹಾಸಿಗಿ ಬಿಟ್ಟು ಏಳಾಕ ಆಗವಲ್ದು, ಮುಂಜಾನೆ ಹಾರಿ ಬಂದಿದ್ಳೇನು?” ಎಂದಳು ನಿಮ್ಮವ್ವ.

“ನನ್ನ ಕಣ್ಣು ಇನ್ನೂ ಹೋಗಿಲ್ಲವಾ. ಕೈ ಹಿಡಿದು ಕುಡಿಸೀನಿ. ಎಡಗೈ ಮ್ಯಾಲ ಬಳ್ಳಿ ಹಚ್ಚಿ ಐತಿ, ಅರ್ಧಕ್ಕ ನಿಂತೈತಿ. ಶಾಲು ಸರಿಸಿ ನೋಡು, ಖರೆ ಹೌದಿಲ್ಲೋ!”

ನಿಮ್ಮವ್ವ ಸರಿಸಲಿಲ್ಲ. ನಾನು ಚಿಕ್ಕವಳಿದ್ದಾಗ ನೋವಿಗೆ ಹೆದರಿ ಓಡಿಹೋಗಿದ್ದರಿಂದ ಅರ್ಧಕ್ಕೇ ಉಳಿದ ನನ್ನ ಹಚ್ಚೆ ಅವಳಿಗೆ ಗೊತ್ತು.

ಮುದುಕಿ ಬಾಗಿಲು ಹಾಕಿಕೊಂಡಳು. ಹೆದರಿದ ನಿಮ್ಮವ್ವ, ಮನೆಗೆ ಬೇಡ, ಗದಗಿಗೇ ನಡಿ ಎಂದು ಆಟೋದವನಿಗೆ ಹೇಳಿದಳು. ಪಿತ್ತರಸ ಸೋರಿ ಹೊಟ್ಟೆಯಲ್ಲಿ ತುಂಬಿದ್ದು ಸ್ಕ್ಯಾನಿನಲ್ಲಿ ಕಂಡಿತು. ಪಕ್ಕೆಗೆ ನಳಿಕೆ ಹಾಕಿ ಅದನ್ನು ಹೊರಗೆಳೆದರು. ಆಮೇಲೆ ಬಾಯಿಯಿಂದ ಕ್ಯಾಮೆರಾ ಇಳಿಸಿ, ರಸ ಸರಿದಾರಿಗೆ ಹರಿಯಲೆಂದು ಪಿತ್ತನಾಳದಲ್ಲಿ ಸಣ್ಣ ಕೊಳವೆ ಕೂರಿಸಿದರು. ಹಸಿರು ನೀರು ಚೀಲಕ್ಕೆ ಇಳಿಯುವುದನ್ನು ನೋಡುತ್ತ ಬಹಳ ದಿನ ಮಲಗಿದ್ದೆ. ಸೊಪ್ಪಿನ ರಸ ನಂಬಿ ಮನೆಯಲ್ಲಿ ಕುಳಿತಿದ್ದರೆ ಉಳಿಯುತ್ತಿರಲಿಲ್ಲ ಎಂದರು ಡಾಕ್ಟರು.

ಹಚ್ಚೆಯ ವಿಷಯ ಮುದುಕಿಗೆ ಯಾರೋ ಮೊದಲೇ ಹೇಳಿರಬೇಕು ಎನ್ನುತ್ತಾರೆ ನಿಮ್ಮಪ್ಪ. ಇರಬಹುದು. ವಾದಿಸುವ ತ್ರಾಣ ನನಗಿಲ್ಲ. ಆದರೆ ಆ ಮುಂಜಾನೆ ಮನೆಯಲ್ಲಿ ನನ್ನ ತಲೆ ಎತ್ತಿ ಹಿಡಿದು ನೀರು ಕುಡಿಸುತ್ತಿದ್ದರು. ಹಾಗಾದರೆ ಅಲ್ಲಿ ಕೈಚಾಚಿ ರಸ ಕುಡಿದು ಹೋದವಳು ಯಾರು? ಅವಳ ಹೊಟ್ಟೆಯೂ ನನ್ನಂತೆಯೇ ಸೋರುತ್ತಿದ್ದರೆ, ಅವಳನ್ನು ದವಾಖಾನೆಗೆ ಕರೆದೊಯ್ಯಲು ಯಾರಿದ್ದರು?